ಎದೆಹಾಲು ಕುಡಿಸೋ ತಾಯಂದ್ರಿಗೆ ಆಸ್ಪತ್ರೆ ಹೇಗೆ ಜೊತೆಯಾಗ್ಬೇಕು: ಲೇಬರ್ ರೂಮ್‌ನಿಂದ ಮನೆವರೆಗೂ ಸಮಗ್ರ ಮಾರ್ಗದರ್ಶಿ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಲೆಕ್ಕ ತೆಗೆದು ನೋಡಿದ್ರೆ ದೇಶದಲ್ಲಿ ನೂರಕ್ಕೆ 88.6 ಹೆರಿಗೆ ಆಸ್ಪತ್ರೇಲೇ ಆಗಿದೆ, ನಮ್ಮ ಕರ್ನಾಟಕದಲ್ಲಂತೂ 97. ಆದ್ರೆ ಹುಟ್ಟಿದ ಒಂದು ಗಂಟೆ ಒಳಗೆ ಎದೆಹಾಲು ಕುಡಿದ ಮಕ್ಕಳು ದೇಶದಲ್ಲಿ ನೂರಕ್ಕೆ 41.8 ಮಾತ್ರ. ಈ ಎರಡು ನಂಬರ್ ಪಕ್ಕಪಕ್ಕ ಇಟ್ಟು ನೋಡಿ. ಡಾಕ್ಟ್ರು, ನರ್ಸು ಪಕ್ಕದಲ್ಲೇ ಇರೋ ಕಡೆ ಮಗು ಹುಟ್ತಿದೆ, ಆದ್ರೂ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಮೊದಲ ಗಂಟೇಲಿ ತಾಯಿ ಎದೆ ಸಿಗ್ತಿಲ್ಲ. ಇದಕ್ಕೆ ತಾಯಿಗೆ ತಿಳುವಳಿಕೆ ಇಲ್ಲ ಅಂತ ಕಾರಣ ಕೊಡೋದು ಸುಲಭ. ನನಗೆ ಹಾಗನ್ಸಲ್ಲ. ಮಗೂನ ಎಲ್ಲಿಗೆ ಎತ್ಕೊಂಡು ಹೋಗ್ತೀವಿ, ಯಾವಾಗ ತೂಕ ಮಾಡ್ತೀವಿ, ರಾತ್ರಿ ಎರಡು ಗಂಟೆಗೆ ಮಗು ಅತ್ರೆ ಯಾರು ಬರ್ತಾರೆ, ಚೀಟಿ ಮೇಲೆ ಏನು ಬರೀತೀವಿ, ಇವೆಲ್ಲ ಆಸ್ಪತ್ರೆಯ ದಿನಚರಿ, ತಾಯಿ ಹಾಲು ಕುಡಿಸ್ತಾಳಾ ಇಲ್ವಾ ಅನ್ನೋದು ಬಹುಪಾಲು ಅಲ್ಲೇ ತೀರ್ಮಾನ ಆಗೋಗತ್ತೆ. ಹಾಗಾಗಿ ಈ ಗೈಡ್ ತಾಯಂದ್ರಿಗಲ್ಲ, ಸ್ಟಾಫ್ ನರ್ಸ್, ಡ್ಯೂಟಿ ಡಾಕ್ಟ್ರು, ಆಶಾ ಕಾರ್ಯಕರ್ತೆಯರು, ನರ್ಸಿಂಗ್ ಹೋಮ್ ನಡೆಸೋರು ಇವರಿಗೆ.

1. ಮೊದ್ಲು ಎಲ್ಲರ ಮಾತು ಒಂದಾಗ್ಲಿ

ವಿಶ್ವ ಆರೋಗ್ಯ ಸಂಸ್ಥೆ ಮತ್ತೆ ಯುನಿಸೆಫ್ ಸೇರಿ 1989ರಲ್ಲಿ ಎದೆಹಾಲು ಕುಡಿಸೋಕೆ ಆಸ್ಪತ್ರೆಗಳು ಪಾಲಿಸ್ಬೇಕಾದ ಹತ್ತು ಹೆಜ್ಜೆಗಳು ಅಂತ ಒಂದು ಪಟ್ಟಿ ಮಾಡಿದ್ರು, 1991ರಲ್ಲಿ ಅದನ್ನೇ ಇಟ್ಕೊಂಡು ಶಿಶುಸ್ನೇಹಿ ಆಸ್ಪತ್ರೆ ಅನ್ನೋ ಕಾರ್ಯಕ್ರಮ ಶುರು ಮಾಡಿದ್ರು, 2018ರಲ್ಲಿ ಪರಿಷ್ಕರಿಸಿದ್ರು. ನಮ್ಮ ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ ಎದೆಹಾಲಿಗೆ ಒತ್ತು ಕೊಡೋ ‘ಮಾ’ ಅನ್ನೋ ಕಾರ್ಯಕ್ರಮ ತಂತು. ಇವೆಲ್ಲದರ ಸಾರ ತಗೊಂಡು ನಿಮ್ಮ ಆಸ್ಪತ್ರೆಗೆ ಒಂದೇ ಒಂದು ಪುಟದ ನಿಯಮ ಕನ್ನಡದಲ್ಲಿ ಬರೀರಿ, ಉದ್ದ ಬೇಡ, ಲೇಬರ್ ರೂಮ್, ಓಟಿ, ಬಾಣಂತಿ ವಾರ್ಡ್, ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ನಾಲ್ಕೂ ಕಡೆ ಅಂಟಿಸಿ.

ಟ್ರೈನಿಂಗ್ ಅಂದ್ರೆ ಪ್ರೊಜೆಕ್ಟರ್ ಹಾಕಿ ಎರಡು ಗಂಟೆ ಮಾತಾಡಿ ಸಹಿ ಹಾಕಿಸ್ಕೊಳ್ಳೋದು ಅಂತಾಗಿಬಿಟ್ಟಿದೆ. ಶಿಶುಸ್ನೇಹಿ ಆಸ್ಪತ್ರೆಗೆ ಅಂತ ಇರೋ ಕೋರ್ಸು 20 ಗಂಟೆದು, ಅದರಲ್ಲಿ ತಾಯಂದ್ರ ಜೊತೆ ಕೂತು ಕೈಯಾರೆ ಕಲಿಯೋ ಭಾಗ ಬೇರೇನೇ ಇದೆ, ಆ ಭಾಗ ಬಿಡಬಾರದು. ಆಮೇಲೆ ಆಯಾಗಳನ್ನ, ಡಿ ಗ್ರೂಪ್‌ನೋರನ್ನ, ಗೇಟಲ್ಲಿರೋ ಸೆಕ್ಯುರಿಟಿಯವರನ್ನೂ ಕೂರಿಸಿ. ಯಾಕಂದ್ರೆ ನರ್ಸ್ ಎಷ್ಟೇ ಹೇಳಿದ್ರೂ ಆಮೇಲೆ ಆಯಾ ಬಂದು ‘ಪಾಪ ಮಗು ಹಸ್ಕೊಂಡಿದೆ, ಹೊರಗಡೆ ಅಂಗಡೀಲಿ ಡಬ್ಬಿ ಸಿಗತ್ತೆ’ ಅಂದ್ರೆ ಮುಗೀತು, ಮನೆಯವರು ನಂಬೋದು ಆಯಾನೇ. ಬೆಳಿಗ್ಗೆ ಡ್ಯೂಟಿಯವರು ಎರಡು ಗಂಟೆಗೊಮ್ಮೆ ಕುಡಿಸಿ ಅಂತಾರೆ, ಮಧ್ಯಾಹ್ನದವರು ಅತ್ತಾಗ ಕುಡಿಸಿ ಅಂತಾರೆ, ರಾತ್ರಿಯವರು ಒಂದೊಂದು ಕಡೆ ಹತ್ತೇ ನಿಮಿಷ ಅಂತಾರೆ, ಮೊದಲನೇ ಹೆರಿಗೆ ಆದ ಹುಡುಗಿ ಯಾರ ಮಾತು ಕೇಳ್ಬೇಕು ಹೇಳಿ?

ಇನ್ನು ಡಬ್ಬಿ ಹಾಲಿನ ಕಂಪನಿಗಳ ವಿಷಯ. ನಮ್ಮಲ್ಲಿ 1992ರ ಶಿಶು ಹಾಲಿನ ಬದಲಿಗಳ ಕಾಯ್ದೆ ಇದೆ, 2003ರಲ್ಲಿ ಇನ್ನೂ ಬಿಗಿ ಮಾಡಿದ್ರು. ಡಬ್ಬಿ ಹಾಲು, ಫೀಡಿಂಗ್ ಬಾಟಲ್, ಎರಡು ವರ್ಷದೊಳಗಿನ ಮಕ್ಕಳ ಆಹಾರದ ಜಾಹೀರಾತು ಮಾಡೋ ಹಾಗಿಲ್ಲ, ತಾಯಂದ್ರಿಗೆ ಫ್ರೀ ಸ್ಯಾಂಪಲ್ ಕೊಡೋ ಹಾಗಿಲ್ಲ, ಆಸ್ಪತ್ರೇಲಿ ಪೋಸ್ಟರ್ ಹಾಕೋ ಹಾಗಿಲ್ಲ, ಆರೋಗ್ಯ ಸಿಬ್ಬಂದಿಗೆ ಗಿಫ್ಟು, ಕಾನ್ಫರೆನ್ಸ್ ಖರ್ಚು ಯಾವುದೂ ಕೊಡೋ ಹಾಗಿಲ್ಲ. ಮೀರಿದ್ರೆ ಮೂರು ವರ್ಷದವರೆಗೂ ಜೈಲು. ಕಾಯ್ದೆ ಗೊತ್ತಿದ್ರೂ ಕಣ್ತಪ್ಪಿ ಒಳಗೆ ಬರೋದು ಸಣ್ಣ ಸಣ್ಣ ವಸ್ತುಗಳು, ಗೋಡೆ ಕ್ಯಾಲೆಂಡರ್, ಮೇಜಿನ ಮೇಲಿರೋ ಪೆನ್ ಸ್ಟ್ಯಾಂಡ್, ಮಗು ತೂಕದ ಚಾರ್ಟು. ಒಂದು ದಿನ ವಾರ್ಡೆಲ್ಲ ಸುತ್ತಿ ಕಂಪನಿ ಹೆಸರಿರೋದೆಲ್ಲ ತೆಗೆದುಹಾಕಿ.

2. ಚೆಕಪ್‌ಗೆ ಬಂದಾಗ್ಲೇ ಶುರು ಮಾಡಿ

ಹೆರಿಗೆ ನೋವು ತಿನ್ನೋವಾಗ ಯಾರಿಗೂ ಪಾಠ ತಲೆಗೆ ಹೋಗಲ್ಲ. ಏಳು ತಿಂಗಳು ದಾಟಿದ ಮೇಲೆ ಒಂದು ಚೆಕಪ್‌ನಲ್ಲಿ ಹತ್ತು ನಿಮಿಷ ಇದಕ್ಕೇ ಅಂತ ಇಡಿ, ಮಾತಾಡಿದ್ದನ್ನ ತಾಯಿ ಕಾರ್ಡಲ್ಲಿ ಬರೀರಿ. ‘ಹಾಲು ಕುಡಿಸ್ತೀಯಾ ತಾನೇ?’ ಅಂತ ಕೇಳಿದ್ರೆ ಎಲ್ಲರೂ ಹೂಂ ಅಂತಾರೆ. ‘ಹಾಲು ಕುಡಿಸೋ ಬಗ್ಗೆ ಮನೇಲಿ ಏನೇನು ಹೇಳ್ತಿದಾರಮ್ಮ?’ ಅಂತ ಕೇಳಿ ನೋಡಿ, ಆಗ ಬರತ್ತೆ ನಿಜವಾದ ಮಾತು: ಅತ್ತೆ ಮೂರು ದಿನ ಹಾಲು ಕುಡಿಸಬಾರದು ಅಂದಿದಾರೆ, ಅಕ್ಕನಿಗೆ ಹಾಲೇ ಬಂದಿರ್ಲಿಲ್ಲ, ನನಗೆ ಆರು ವಾರಕ್ಕೆ ಗಾರ್ಮೆಂಟ್ಸ್ ಕೆಲಸಕ್ಕೆ ವಾಪಸ್ ಹೋಗ್ಬೇಕು.

ಮೊಲೆತೊಟ್ಟು ಒಳಗೆ ಹೋಗಿದ್ಯಾ, ಹಿಂದೆ ಎದೆಗೆ ಆಪರೇಷನ್ ಆಗಿದ್ಯಾ, ಥೈರಾಯ್ಡ್, ಶುಗರ್ ಇದ್ಯಾ, ಮೊದಲನೇ ಮಗೂಗೆ ಎಷ್ಟು ದಿನ ಕುಡಿಸಿದ್ರು, ಇಷ್ಟು ನೋಡಿ ಬರೆದಿಟ್ರೆ ಯಾರಿಗೆ ಮೊದಲ ದಿನದಿಂದ್ಲೇ ಹೆಚ್ಚು ಸಹಾಯ ಬೇಕು ಅಂತ ಗೊತ್ತಾಗತ್ತೆ. ತೊಟ್ಟು ಚಪ್ಪಟೆ ಇದ್ರೆ ಬಸುರಿಲೇ ಎಳೆದು ಎಳೆದು ಸರಿಮಾಡಿ ಅನ್ನೋ ಸಲಹೆ ಬೇಡ, ಮಗು ಬಾಯಿ ಹಿಡಿಯೋದು ತೊಟ್ಟನ್ನಲ್ಲ, ಅದರ ಸುತ್ತಲಿನ ಕಪ್ಪು ಭಾಗಾನ.

ತವರಲ್ಲಿ ಬಾಣಂತನ ಅಂದ್ರೆ ಅಲ್ಲಿ ಅಮ್ಮಂದೇ ಆಡಳಿತ, ಹಾಗಾಗಿ ಆ ಅಮ್ಮನ್ನೋ ಅತ್ತೇನೋ ಒಂದು ಸಲ ಒಳಗೆ ಕರೀರಿ, ಕುರ್ಚಿ ಕೊಟ್ಟು ಕೂರಿಸಿ ಮಾತಾಡಿ. ಹೊರಗೆ ಕಾಯ್ತಾ ಕೂತಿರೋ ಅಜ್ಜಿ ನಾಳೆ ನಮ್ಮ ಪರವಾಗಿ ನಿಂತ್ರೆ ಅರ್ಧ ಕೆಲಸ ಹಗುರ.

3. ಲೇಬರ್ ರೂಮ್: ಮೊದಲ ಒಂದು ಗಂಟೆ

ಎಲ್ಲಕ್ಕಿಂತ ಜಾಸ್ತಿ ಗಮನ ಇಲ್ಲಿರಲಿ. ಮಗು ಹುಟ್ಟಿ ಚೆನ್ನಾಗಿ ಅತ್ತ ತಕ್ಷಣ ಒಣಗಿದ ಬೆಚ್ಚಗಿನ ಬಟ್ಟೇಲಿ ಒರೆಸಿ, ಹಸಿ ಬಟ್ಟೆ ತೆಗೆದು, ತಾಯಿಯ ಬರೀ ಎದೆ ಮೇಲೆ ಮಗೂನ ಬರೀ ಮೈಯಲ್ಲೇ ಬೋರಲು ಮಲಗಿಸಿ, ಮೇಲಿಂದ ಇಬ್ಬರಿಗೂ ಸೇರಿಸಿ ಹೊದಿಸಿ, ಮಗು ತಲೆಗೆ ಟೋಪಿ. ಹೊಕ್ಕುಳಬಳ್ಳಿಗೆ ಕ್ಲಾಂಪ್ ಹಾಕೋದು ಒಂದರಿಂದ ಮೂರು ನಿಮಿಷ ಬಿಟ್ಟು, ಮಗು ಅಮ್ಮನ ಮೇಲಿರೋವಾಗ್ಲೇ ಹಾಕ್ಬಹುದು. ತೂಕ, ವಿಟಮಿನ್ ಕೆ ಇಂಜೆಕ್ಷನ್, ಟ್ಯಾಗು, ಕಾಲಿನ ಗುರುತು ತಗೊಳ್ಳೋದು ಎಲ್ಲ ಒಂದು ಗಂಟೆ ಆದ್ಮೇಲೆ. ಸ್ನಾನ ಅಂತೂ 24 ಗಂಟೆ ಬೇಡವೇ ಬೇಡ.

ನಮ್ಮ ಲೇಬರ್ ರೂಮ್‌ಗಳಲ್ಲಿ ಆಗೋದೇನು ಅಂದ್ರೆ ಮಗೂನ ಬೆಚ್ಚಗಿಡೋ ಯಂತ್ರದ, ಅಂದ್ರೆ ವಾರ್ಮರ್ ಕೆಳಗೆ ಇಡ್ತೀವಿ, ತೂಕ ಮಾಡ್ತೀವಿ, ಬಟ್ಟೆ ಸುತ್ತಿ ಹೊರಗೆ ಕಾಯ್ತಿರೋರಿಗೆ ತೋರಿಸೋಕೆ ಕೊಡ್ತೀವಿ, ಅಲ್ಲಿ ಫೋಟೋ, ಕೈಯಿಂದ ಕೈಗೆ ಮಗು, ಅಷ್ಟರಲ್ಲಿ ಯಾರೋ ಜೇನುತುಪ್ಪ ನೆಕ್ಕಿಸಿರ್ತಾರೆ, ಇತ್ತ ಹೊಲಿಗೆ ಹಾಕಿ ಮುಗಿದು ತಾಯಿನ ವಾರ್ಡಿಗೆ ಶಿಫ್ಟ್ ಮಾಡೋಷ್ಟರಲ್ಲಿ ಎರಡು ಗಂಟೆ ಕಳೆದು ಮಗು ಗಾಢ ನಿದ್ದೆ. ಹುಟ್ಟಿದ ಮೊದಲ ಒಂದೆರಡು ಗಂಟೆ ಮಗು ತುಂಬ ಚುರುಕಾಗಿರತ್ತೆ, ಬಾಯಿ ಚಪ್ಪರಿಸತ್ತೆ, ಕೈ ಬಾಯಿಗೆ ತಗೊಳತ್ತೆ, ಎದೆ ಮೇಲೆ ಬಿಟ್ರೆ ತಾನೇ ತೆವಳಿಕೊಂಡು ತೊಟ್ಟು ಹುಡುಕತ್ತೆ. ಆ ಹೊತ್ತು ಕಳೆದ್ರೆ ಎಬ್ಬಿಸಿ ಕುಡಿಸೋಕೆ ಹರಸಾಹಸ ಪಡ್ಬೇಕು.

ಮಗು ತಲೆ ಹಿಡಿದು ಎದೆಗೆ ಒತ್ತಬೇಡಿ. ಅದಕ್ಕೆ ಟೈಮ್ ಕೊಡಿ, ಅರ್ಧ ಗಂಟೆ ಆಗ್ಬಹುದು, ಮುಕ್ಕಾಲು ಗಂಟೆ ಆಗ್ಬಹುದು. ಆದ್ರೆ ಒಬ್ಬರು ಕಣ್ಣಿಟ್ಟಿರ್ಲೇಬೇಕು: ಮೂಗು ಬಾಯಿ ಮುಚ್ಚಿಲ್ಲ, ಕುತ್ತಿಗೆ ಮಡಚಿಕೊಂಡಿಲ್ಲ, ಬಣ್ಣ ಕೆಂಪಗಿದೆ, ಉಸಿರಾಟ ಸರಿ ಇದೆ. ತಾಯಿ ಸುಸ್ತಾಗಿ ತೂಕಡಿಸ್ತಿದ್ರೆ ಜೊತೆಗಿರೋ ಹೆಂಗಸನ್ನ ಪಕ್ಕದಲ್ಲಿ ನಿಲ್ಲಿಸಿ. ಹೊರಗೆ ಕಾಯ್ತಿರೋರಿಗೆ ‘ಮಗು ಅಮ್ಮನ ಹತ್ರ ಹಾಲು ಕುಡೀತಿದೆ, ಒಂದು ಗಂಟೆ ಬಿಟ್ಟು ತೋರಿಸ್ತೀವಿ’ ಅಂತ ಒಂದು ಮಾತು ಹೇಳಿ ಬಂದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಜೇನುತುಪ್ಪ, ಸಕ್ಕರೆ ನೀರು, ಬಜೆ ತೇದಿದ್ದು, ಹರಳೆಣ್ಣೆ, ಇವು ಯಾವುವೂ ಬೇಡ ಅಂತ ಹೇಳೋವಾಗ ಕಾರಣ ಸೇರಿಸಿ ಹೇಳಿ. ಜೇನುತುಪ್ಪದಲ್ಲಿ ಒಂದು ಬಗೆ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು, ಒಂದು ವರ್ಷದೊಳಗಿನ ಮಗು ಹೊಟ್ಟೇಲಿ ಅದು ವಿಷ ಮಾಡತ್ತೆ, ಬೊಟುಲಿಸಂ ಅಂತಾರೆ. ಶಾಸ್ತ್ರಕ್ಕೆ ಏನಾದ್ರೂ ಮಾಡ್ಲೇಬೇಕು ಅಂತ ಅಜ್ಜಿ ಹಠ ಮಾಡಿದ್ರೆ ಹೆರಿಗೆಯಾದ ಕೂಡ್ಲೇ ಬರೋ ಅಮ್ಮನ ಹಳದಿ ಹಾಲನ್ನೇ ಚಮಚದಲ್ಲಿ ಹಿಂಡಿ ಕೊಟ್ಟು ‘ನೀವೇ ಇದನ್ನ ನೆಕ್ಕಿಸಿ ಅಜ್ಜಿ’ ಅನ್ನಿ. ಶಾಸ್ತ್ರನೂ ಆಯ್ತು, ಮೊದಲ ಹಾಲೂ ಮಗು ಹೊಟ್ಟೆಗೆ ಹೋಯ್ತು.

4. ಸಿಸೇರಿಯನ್ ಆದ್ರೆ

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡೋ ಆಪರೇಷನ್‌ನಲ್ಲಿ ತಾಯಿಗೆ ಪೂರ್ತಿ ಎಚ್ಚರ ಇರತ್ತೆ, ಹಾಗಿದ್ಮೇಲೆ ಮಗೂನ ಓಟಿಲೇ ಎದೆ ಮೇಲೆ ಅಡ್ಡಡ್ಡ ಮಲಗಿಸೋಕೆ ತೊಂದ್ರೆ ಇಲ್ಲ. ಅನಸ್ತೇಷಿಯಾ ಡಾಕ್ಟ್ರ ಹತ್ರ ಮೊದ್ಲೇ ಮಾತಾಡಿ ಇಸಿಜಿ ಸ್ಟಿಕ್ಕರ್‌ಗಳನ್ನ ಎದೆ ಮಧ್ಯಕ್ಕೆ ಅಂಟಿಸದೆ ಬದಿಗೆ ಅಂಟಿಸೋಕೆ ಹೇಳಿ, ಡ್ರಿಪ್ ಹಾಕೋ ಕೈ ಯಾವುದು ಅಂತ ನೋಡ್ಕೊಳ್ಳಿ. ಓಟಿಲಿ ಆಗ್ಲಿಲ್ಲ ಅಂದ್ರೆ ರಿಕವರಿಲಿ. ಪೂರ್ತಿ ಪ್ರಜ್ಞೆ ತಪ್ಪಿಸಿದ್ರೆ ಎಚ್ಚರ ಆಗಿ ಮಾತಾಡೋ ಹಾಗಾದ ಕೂಡ್ಲೇ. ‘ಸಿಸೇರಿಯನ್ ಆಗಿದೆ, ಮೂರು ದಿನ ಹಾಲು ಬರಲ್ಲ’ ಅನ್ನೋ ಮಾತನ್ನ ಯಾರೂ ಆಡಬಾರದು. ಹಾಲು ತುಂಬಿಕೊಳ್ಳೋದು ಸ್ವಲ್ಪ ತಡ ಆಗ್ಬಹುದು, ಆದ್ರೆ ಹಳದಿ ಹಾಲು ಬಸುರಲ್ಲೇ ತಯಾರಾಗಿರತ್ತೆ.

ಹೊಲಿಗೆ ಮೇಲೆ ಭಾರ ಬೀಳದ ಹಾಗೆ ಮಲಗಿಕೊಂಡೇ ಪಕ್ಕಕ್ಕೆ ತಿರುಗಿ ಕುಡಿಸೋದು ಅಥವಾ ಮಗೂನ ಕಂಕುಳ ಕೆಳಗೆ ಕಾಲು ಹಿಂದೆ ಮಾಡಿ ಹಿಡಿಯೋದು ಕಲಿಸಿ. ನೋವಿದ್ರೆ ಹಾಲು ಇಳಿಯೋಕೆ ಅಡ್ಡಿ, ಹಾಗಾಗಿ ನೋವಿನ ಮಾತ್ರೆ ಟೈಮಿಗೆ ಸರಿಯಾಗಿ ಕೊಡಿ, ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಎರಡೂ ಹಾಲು ಕುಡಿಸೋ ತಾಯಿಗೆ ಸುರಕ್ಷಿತ.

5. ವಾರ್ಡಲ್ಲಿ: ಕೂತು ನೋಡೋದೇ ಚಿಕಿತ್ಸೆ

ತಾಯಿ ಮಗು 24 ಗಂಟೆನೂ ಒಂದೇ ಕಡೆ ಇರಲಿ. ಮಗು ಕಾಮಾಲೆ ಲೈಟ್ ಕೆಳಗಿದ್ರೂ ಆ ಲೈಟನ್ನ ಅಮ್ಮನ ಮಂಚದ ಪಕ್ಕ ತರೋಕಾಗತ್ತಾ ನೋಡಿ. ದಿನಕ್ಕೆ 8ರಿಂದ 12 ಸಲ, ರಾತ್ರಿನೂ ಸೇರಿ, ಮಗು ಕೇಳಿದಾಗೆಲ್ಲ. ಅಳೋದು ಹಸಿವಿನ ಕೊನೇ ಲಕ್ಷಣ, ತಲೆ ಆ ಕಡೆ ಈ ಕಡೆ ತಿರುಗಿಸಿ ಬಾಯಿ ತೆರೆಯೋದು, ಬೆರಳು ಚೀಪೋದು ಮೊದಲ ಲಕ್ಷಣ, ಇದನ್ನ ಪ್ರತಿ ತಾಯಿಗೂ ಅವಳ ಮಗೂನೇ ತೋರಿಸಿ ಹೇಳಿಕೊಡಿ.

ಹೆರಿಗೆಯಾದ ಮೊದಲ ದಿನ ಪ್ರತಿ ಶಿಫ್ಟಲ್ಲೂ ಒಂದು ಸಲ ಪೂರ್ತಿ ಹಾಲು ಕುಡಿಸೋದನ್ನ ಕೂತು ನೋಡಿ. ಬಾಗಿಲಲ್ಲಿ ನಿಂತು ‘ಹಾಲು ಕುಡಿಸಿದ್ಯೇನಮ್ಮ?’ ಅಂತ ಕೇಳಿ ಚಾರ್ಟಲ್ಲಿ ಟಿಕ್ ಹಾಕೋದು ನೋಡಿದ ಲೆಕ್ಕ ಅಲ್ಲ. ನೋಡ್ಬೇಕಾಗಿರೋದು ಇದು: ಮಗು ಇಡೀ ಮೈ ಅಮ್ಮನ ಕಡೆ ತಿರುಗಿದ್ಯಾ, ಹೊಟ್ಟೆಗೆ ಹೊಟ್ಟೆ ತಾಗಿದ್ಯಾ, ಕಿವಿ ಭುಜ ಸೊಂಟ ಒಂದೇ ಗೆರೇಲಿ ಇದ್ಯಾ, ಬಾಯಿ ಆಕಳಿಸೋವಾಗಿನ ಹಾಗೆ ಅಗಲ ತೆರೆದಿದ್ಯಾ, ಕೆಳತುಟಿ ಹೊರಗೆ ಮಡಚಿದ್ಯಾ, ಗಲ್ಲ ಎದೆಗೆ ತಾಗಿದ್ಯಾ, ತೊಟ್ಟಿನ ಸುತ್ತಲ ಕಪ್ಪು ಭಾಗ ಮೇಲುಗಡೆ ಜಾಸ್ತಿ ಕಾಣ್ತಿದ್ಯಾ. ಆಮೇಲೆ ಕಿವಿಗೊಡಿ, ಎರಡು ಮೂರು ಸಲ ಚೀಪಿ ಒಂದು ಸಲ ನುಂಗೋ ಸದ್ದು ಬರ್ಬೇಕು. ಕೆನ್ನೆ ಒಳಗೆ ಗುಳಿ ಬೀಳ್ತಿದ್ರೆ, ಚಟ್ ಚಟ್ ಅಂತ ಸದ್ದಿದ್ರೆ, ತಾಯಿ ಹಲ್ಲು ಕಚ್ಚಿ ಸಹಿಸ್ಕೊಳ್ತಿದ್ರೆ ಹಿಡಿತ ತಪ್ಪಿದೆ, ಮಗು ಬಾಯಿ ಮೂಲೇಲಿ ಕಿರುಬೆರಳು ತೂರಿಸಿ ನಿಧಾನ ಬಿಡಿಸಿ ಮತ್ತೆ ಹಿಡಿಸಿ. ತಾಯಿಯ ಎದೆ ಮುಟ್ಟೋ ಮೊದ್ಲು ಕೇಳಿ ಮುಟ್ಟಿ, ಆದಷ್ಟೂ ಅವಳ ಕೈಲೇ ಮಾಡಿಸಿ, ಒಂದು ಗೊಂಬೆ ಹಿಡ್ಕೊಂಡು ನೀವು ತೋರಿಸಿ, ಅವಳು ಮಗು ಹಿಡೀಲಿ. ಮಂಚದ ಮಧ್ಯೆ ಪರದೆ ಇರಲಿ. ಗಂಡಸರು ಓಡಾಡೋ ಹಾಲ್‌ನಲ್ಲಿ ಸೆರಗು ಮುಚ್ಕೊಂಡು ಕುಡಿಸೋ ತಾಯಿಗೆ ಮಗು ಬಾಯಿ ಹೇಗಿದೆ ಅಂತ ಕಾಣೋದಾದ್ರೂ ಹೇಗೆ.

ವಾರ್ಡಲ್ಲಿ ಅತಿ ಹೆಚ್ಚು ಕೇಳೋ ಮಾತು ‘ಸಿಸ್ಟರ್, ಹಾಲೇ ಬರ್ತಿಲ್ಲ’. ರಾತ್ರಿ ಪಾಳಿ, ಸಿಸೇರಿಯನ್ ಆಗಿ ಒಂದು ದಿನ, ಮಗು ಅಳು ನಿಲ್ಸಿಲ್ಲ, ಅತ್ತೆ ಬಂದು ‘ಒಂದು ಡಬ್ಬಿ ಬರ್ಕೊಡಿ ಸಿಸ್ಟರ್, ಮಗು ಗಂಟಲು ಒಣಗೋಗಿದೆ’ ಅಂತಾರೆ. ಇಂಥ ಹೊತ್ತಲ್ಲಿ ನಾನು ಮಾಡೋದು ಇಷ್ಟು. ಕೈ ತೊಳ್ಕೊಂಡು ಒಂದು ಸ್ಟೀಲ್ ಚಮಚ ಕುದಿಸಿ ತಂದು ತಾಯಿ ಪಕ್ಕ ಕೂತ್ಕೊಳ್ಳೋದು. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ತೊಟ್ಟಿನಿಂದ ಮೂರು ನಾಲ್ಕು ಸೆಂಟಿಮೀಟರ್ ಹಿಂದೆ ಇಟ್ಟು ಮೊದ್ಲು ಎದೆಗೂಡಿನ ಕಡೆ ಒತ್ತಿ ಆಮೇಲೆ ಬೆರಳುಗಳನ್ನ ಒಂದಕ್ಕೊಂದು ಅದುಮಿ ಬಿಡು, ಚರ್ಮದ ಮೇಲೆ ಜಾರಿಸಬೇಡ, ಅಂತ ಅವಳಿಗೇ ಹೇಳಿಕೊಡೋದು. ಮೊದಲ ಒಂದೆರಡು ನಿಮಿಷ ಏನೂ ಬರಲ್ಲ. ಆಮೇಲೆ ತೊಟ್ಟಿನ ತುದೀಲಿ ದಪ್ಪಗೆ, ಹಳದಿ ಬಣ್ಣದ ಒಂದು ಹನಿ. ಅದು ಚಮಚಕ್ಕೆ ಬೀಳತ್ತೆ, ಇನ್ನೊಂದು, ಮತ್ತೊಂದು. ‘ಅಮ್ಮ, ಬಂದು ನೋಡಿ ಇಲ್ಲಿ’ ಅಂತ ಅತ್ತೇನ ಕರೆದು ತೋರಿಸಿದ್ರೆ ಅಲ್ಲಿಗೆ ಡಬ್ಬಿ ಮಾತು ನಿಲ್ಲತ್ತೆ. ಮೊದಲ ದಿನ ಮಗೂಗೆ ಒಂದು ಸಲಕ್ಕೆ ಒಂದು ಟೀ ಚಮಚದಷ್ಟು ಹಾಲು ಸಾಕು, ಅದನ್ನ ಕಣ್ಣಾರೆ ಕಂಡಾಗ ನಂಬಿಕೆ ಬರತ್ತೆ. ಇದಕ್ಕೆಲ್ಲ ಸೇರಿ ಇಪ್ಪತ್ತು ನಿಮಿಷ ಬೇಕು. ನಲವತ್ತು ಮಂಚಕ್ಕೆ ಇಬ್ಬರೇ ನರ್ಸ್ ಇರೋ ಕಡೆ ಆ ಇಪ್ಪತ್ತು ನಿಮಿಷ ಎಲ್ಲಿಂದ ತರೋದು ಅನ್ನೋದು ನಿಜವಾದ ಕಷ್ಟ, ಅದಕ್ಕೇ ಆಡಳಿತದವರಿಗೆ ನನ್ನ ಬೇಡಿಕೆ: ರಾತ್ರಿ ಪಾಳಿಗೆ ಒಬ್ಬರನ್ನಾದ್ರೂ ಹಾಲು ಕುಡಿಸೋ ಸಹಾಯಕ್ಕೆ ಅಂತಾನೇ ಹಾಕಿ. ಡಬ್ಬಿ ಹಾಲು ಶುರುವಾಗೋದು ರಾತ್ರಿನೇ.

6. ಮೇಲುಹಾಲು ಯಾವಾಗ ಬೇಕು

ಮೇಲುಹಾಲು ಅಂದ್ರೆ ಎದೆಯಿಂದ ನೇರ ಕುಡಿಯೋದ್ರ ಮೇಲೆ ಬೇರೆಯಾಗಿ ಕೊಡೋ ಹಾಲು. ಕೆಲವು ಮಕ್ಕಳಿಗೆ ನಿಜವಾಗ್ಲೂ ಬೇಕಾಗತ್ತೆ, ಅದನ್ನ ಅಲ್ಲಗಳೆಯೋದು ತಪ್ಪು. ಹುಟ್ಟಿದ ತೂಕದಲ್ಲಿ ನೂರಕ್ಕೆ 10ಕ್ಕಿಂತ ಜಾಸ್ತಿ ಇಳಿದಿದ್ರೆ, ಶುಗರ್ 45ಕ್ಕಿಂತ ಕೆಳಗೆ ಹೋಗಿದ್ರೆ, ಮಗು ಎಬ್ಬಿಸಿದ್ರೂ ಏಳದಷ್ಟು ಮಂಕಾಗಿದ್ರೆ, ಸಹಾಯ ಮಾಡಿಯೂ ಹಾಲು ಸಾಲದೆ ಕಾಮಾಲೆ ಏರ್ತಿದ್ರೆ ಡಾಕ್ಟ್ರು ನೋಡಿ ಕೂಡ್ಲೇ ತೀರ್ಮಾನ ಮಾಡ್ಬೇಕು. ಸರದಿ ಹೀಗಿರಲಿ: ಮೊದ್ಲು ಅಮ್ಮಂದೇ ಹಿಂಡಿದ ಹಾಲು, ಸಿಗ್ಲಿಲ್ಲ ಅಂದ್ರೆ ಬೇರೆ ತಾಯಂದ್ರು ದಾನ ಕೊಟ್ಟ ಹಾಲಿನ ಬ್ಯಾಂಕಿನ ಹಾಲು, ಅದೂ ಇಲ್ಲ ಅಂದ್ರೆ ಡಬ್ಬಿ ಹಾಲು. ಕೊಡೋದು ಬಾಟಲಲ್ಲಿ ಬೇಡ, ಒಳಲೆ (ಮೂತಿ ಇರೋ ಪುಟ್ಟ ಬಟ್ಟಲು) ಅಥವಾ ಪುಟ್ಟ ಲೋಟ. ನಮ್ಮ ಅಜ್ಜಿಯಂದ್ರ ಮನೇಲಿದ್ದ ಒಳಲೆ ಇವತ್ತಿಗೂ ಎನ್‌ಐಸಿಯುಗಳಲ್ಲಿ ಕೆಲಸ ಮಾಡ್ತಿದೆ, ತೊಳೆಯೋಕೆ ಸುಲಭ, ಕುದಿಸೋಕೆ ಸುಲಭ. ಕಾರಣ, ಎಷ್ಟು ಎಂಎಲ್, ಯಾವಾಗ ನಿಲ್ಲಿಸ್ಬೇಕು, ಮೂರೂ ಕೇಸ್ ಶೀಟಲ್ಲಿ ಬರೀರಿ. ಡಿಸ್ಚಾರ್ಜ್ ಚೀಟಿ ಮೇಲೆ ಸುಮ್ನೆ ‘ಹಾಲು ಸಾಲದಿದ್ರೆ’ ಅಂತ ಕಂಪನಿ ಹೆಸರು ಬರೆಯೋ ಅಭ್ಯಾಸ ಇವತ್ತೇ ಬಿಡ್ಬೇಕು, ಆ ಒಂದು ಸಾಲು ತಾಯಿಗೆ ‘ನಿನ್ನ ಹಾಲು ಸಾಲಲ್ಲ’ ಅಂತ ಡಾಕ್ಟ್ರೇ ಹೇಳಿದ ಹಾಗೆ.

ಆಮೇಲೆ ಮೇಲುಹಾಲು ಕೊಟ್ಟ ತಾಯಿನ ತಪ್ಪಿತಸ್ಥೆ ತರ ನೋಡೋದೂ ಬೇಡ. ಎಷ್ಟೇ ಪ್ರಯತ್ನ ಪಟ್ರೂ ಕೆಲವರಿಗೆ ಪೂರ್ತಿ ಹಾಲು ಆಗಲ್ಲ. ಅವರಿಗೆ ಶುಚಿಯಾಗಿ, ಸರಿ ಅಳತೇಲಿ ಕಲಸೋದು ಒಂಟಿಯಾಗಿ ಕೂರಿಸಿ ಕಲಿಸಿ, ಬರೋಷ್ಟು ಎದೆಹಾಲನ್ನ ಕುಡಿಸ್ತಾ ಇರೋಕೆ ಧೈರ್ಯ ಹೇಳಿ.

7. ಎನ್‌ಐಸಿಯುನಲ್ಲಿ ಮಗು ಇದ್ರೆ

ಅವಧಿಗೆ ಮುಂಚೆ ಹುಟ್ಟಿದ ಮಗು ಒಂದು ಕಡೆ, ತಾಯಿ ಇನ್ನೊಂದು ವಾರ್ಡಲ್ಲಿ, ಇಂಥ ತಾಯಿಗೆ ಮೊದಲ ಆರು ಗಂಟೆ ಒಳಗೆ, ಸಾಧ್ಯ ಆದ್ರೆ ಒಂದು ಗಂಟೆಲೇ, ಕೈಯಿಂದ ಹಾಲು ಹಿಂಡೋದು ಶುರು ಮಾಡಿಸಿ. ದಿನಕ್ಕೆ ಎಂಟು ಸಲ, ರಾತ್ರಿ ಒಂದಾದ್ರೂ ಸೇರಿರಲಿ. ಮೊದಲ ದಿನ ಎರಡು ಎಂಎಲ್ ಬಂದ್ರೂ ಚೆಲ್ಲಬೇಡಿ, ಸಿರಿಂಜಲ್ಲಿ ಎಳ್ಕೊಂಡು ಹೆಸರು, ಟೈಮ್ ಬರೆದು ಕಳಿಸಿ. ಆಸ್ಪತ್ರೇಲಿ ಹಿಂಡಿದ ಹಾಲು ಹೊರಗೆ ನಾಲ್ಕು ಗಂಟೆ, ಫ್ರಿಜ್‌ನಲ್ಲಿ 24 ಗಂಟೆ ಅಂತ ಇಟ್ಕೊಳ್ಳಿ, ನಮ್ಮ ರಾಯಚೂರು ಕಲಬುರಗಿ ಬಿಸಿಲಿಗೆ ಹೊರಗೆ ಇಡೋ ಯೋಚ್ನೆನೇ ಬೇಡ, ನೇರ ಫ್ರಿಜ್. ಬೆಚ್ಚಗೆ ಮಾಡೋದು ಬಿಸಿನೀರಿನ ಬಟ್ಟಲಲ್ಲಿಟ್ಟು, ಒಲೆ ಮೇಲಲ್ಲ, ಮೈಕ್ರೋವೇವಲ್ಲೂ ಅಲ್ಲ.

ಕಾಂಗರೂ ಆರೈಕೆ, ಅಂದ್ರೆ ಮಗೂನ ಬರೀ ಎದೆಗೆ ಕಟ್ಕೊಂಡು ಇರೋದು, ಇದನ್ನ ಮಗು ಪೂರ್ತಿ ಸುಧಾರಿಸಿದ ಮೇಲೆ ಅಂತ ಕಾಯ್ತಿದ್ವಿ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಬಂದ ಅಧ್ಯಯನದಲ್ಲಿ 1ರಿಂದ 1.8 ಕೆಜಿ ಒಳಗಿನ ಮಕ್ಕಳಿಗೆ ಹುಟ್ಟಿದ ಕೂಡ್ಲೇ ಕಾಂಗರೂ ಆರೈಕೆ ಶುರು ಮಾಡಿದಾಗ ಮೊದಲ 28 ದಿನದ ಸಾವು ನೂರಕ್ಕೆ 25ರಷ್ಟು ಕಮ್ಮಿ ಆಯ್ತು. ಇದಕ್ಕೆ ತಾಯಿಗೆ ಎನ್‌ಐಸಿಯು ಒಳಗೆ ಒಂದು ಮಂಚ ಬೇಕು, ಊಟ ಬೇಕು, ಟಾಯ್ಲೆಟ್ ಬೇಕು. ದಿನಕ್ಕೆ ಎರಡು ಸಲ ಗಾಜಿನಾಚೆಯಿಂದ ನೋಡೋಕೆ ಬಿಡೋ ಪದ್ಧತೀಲಿ ಹಾಲು ಬತ್ತೋಗದೆ ಇನ್ನೇನಾಗತ್ತೆ.

ಹಾಲಿನ ಬ್ಯಾಂಕ್ ನಮ್ಮ ದೇಶಕ್ಕೆ ಹೊಸದೇನಲ್ಲ, ಮುಂಬೈಯ ಸಯನ್ ಆಸ್ಪತ್ರೇಲಿ ಡಾಕ್ಟರ್ ಅರ್ಮಿಡಾ ಫರ್ನಾಂಡಿಸ್ 1989ರಲ್ಲೇ ಶುರು ಮಾಡಿದ್ರು. ನಮ್ಮಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೇಲಿ 2022ರಲ್ಲಿ ‘ಅಮೃತಧಾರೆ’ ಬಂತು. ದಾನಿ ತಾಯಿಯ ರಕ್ತ ಪರೀಕ್ಷೆ ಮಾಡಿ, ಹಾಲನ್ನ 62.5 ಡಿಗ್ರೀಲಿ ಅರ್ಧ ಗಂಟೆ ಪಾಶ್ಚರೀಕರಿಸಿ, ಬ್ಯಾಕ್ಟೀರಿಯಾ ಇಲ್ಲ ಅಂತ ಖಾತ್ರಿ ಮಾಡ್ಕೊಂಡು ಕೊಡ್ತಾರೆ. ಪಕ್ಕದ ಮಂಚದ ಬಾಣಂತಿ ಹಾಲನ್ನ ಹಾಗೇ ತಂದು ಕೊಡೋದು ಇದಕ್ಕೆ ಬದಲಿ ಅಲ್ಲ.

8. ನೋವು, ಬಾವು, ಔಷಧಿ

ತೊಟ್ಟು ಒಡೆದಿದ್ರೆ ಕ್ರೀಮ್ ಬರೆಯೋ ಮೊದ್ಲು ಹಿಡಿತ ನೋಡಿ, ಬಹಳಷ್ಟು ಸಲ ಅಲ್ಲೇ ಕಾರಣ ಸಿಗತ್ತೆ. ಮೂರನೇ ನಾಲ್ಕನೇ ದಿನ ಎದೆ ಕಲ್ಲಿನ ಹಾಗೆ ಗಟ್ಟಿಯಾದಾಗ ಮಗು ಹಿಡಿಯೋಕಾಗಲ್ಲ, ಸ್ವಲ್ಪ ಕೈಯಿಂದ ಹಿಂಡಿ ಮೆತ್ತಗೆ ಮಾಡಿ ಹಿಡಿಸಿ, ಕುಡಿಸಿದ ಮೇಲೆ ತಣ್ಣೀರು ಬಟ್ಟೆ ಇಡಿ. ಗಟ್ಟಿ ಗಂಟು ಕರಗಲಿ ಅಂತ ಜೋರಾಗಿ ಉಜ್ಜಿ ತಿಕ್ಕೋದು ಇನ್ನೂ ಎಷ್ಟೋ ವಾರ್ಡಲ್ಲಿ ನಡೀತಿದೆ, ದಯವಿಟ್ಟು ನಿಲ್ಲಿಸಿ, ಒಳಗಿನ ಊತ ಜಾಸ್ತಿ ಆಗತ್ತೆ. ಜ್ವರ, ಕೆಂಪು, ನೋವು ಬಂದ್ರೂ ಆ ಎದೇಲಿ ಕುಡಿಸೋದು ನಿಲ್ಲಿಸ್ಬೇಕಿಲ್ಲ. ಒಂದು ದಿನದಲ್ಲಿ ಇಳೀಲಿಲ್ಲ ಅಂದ್ರೆ ಆ್ಯಂಟಿಬಯೋಟಿಕ್, ಕೀವು ತುಂಬಿದ ಅನುಮಾನ ಇದ್ರೆ ಸ್ಕ್ಯಾನ್.

ಔಷಧಿ ಬರೆಯೋ ಡಾಕ್ಟ್ರುಗಳು ಭಯಕ್ಕೆ ‘ಒಂದು ವಾರ ಹಾಲು ನಿಲ್ಲಿಸಿ’ ಅಂದುಬಿಡ್ತಾರೆ, ಬಹುತೇಕ ಔಷಧಿಗೆ ಅದರ ಅಗತ್ಯ ಇಲ್ಲ. ಕ್ಯಾನ್ಸರ್ ಕೀಮೋ, ರೇಡಿಯೋ ಆ್ಯಕ್ಟಿವ್ ಅಯೋಡಿನ್ ಇಂಥವು ಬೇರೆ, ಕೋಡೀನ್ ಇರೋ ನೋವಿನ ಮಾತ್ರೆನೂ ಬೇಡ. ಹೆಪಟೈಟಿಸ್ ಬಿ ಇರೋ ತಾಯಿ ಕುಡಿಸ್ಬಹುದು, ಮಗೂಗೆ ಹುಟ್ಟಿದ ಕೂಡ್ಲೇ ಲಸಿಕೆ ಮತ್ತೆ ಇಮ್ಯುನೊಗ್ಲಾಬ್ಯುಲಿನ್ ಹಾಕಿರ್ಬೇಕು. ಎಚ್‌ಐವಿ ಇರೋ ತಾಯಿ ಅದನ್ನ ಹತೋಟೀಲಿಡೋ ಎಆರ್‌ಟಿ ಮಾತ್ರೆ ತಪ್ಪದೆ ತಗೊಳ್ತಿದ್ರೆ ಮೊದಲ ಆರು ತಿಂಗಳು ಬರೀ ಎದೆಹಾಲು ಅನ್ನೋದು ನಮ್ಮ ದೇಶದ ಮಾರ್ಗಸೂಚಿ. ಮಗೂಗೆ ಗ್ಯಾಲಕ್ಟೋಸೀಮಿಯಾದಂಥ ಅಪರೂಪದ ಹುಟ್ಟುಕಾಯಿಲೆ ಇದ್ರೆ ಎದೆಹಾಲು ಪೂರ್ತಿ ಬಿಡ್ಬೇಕಾಗತ್ತೆ.

9. ಬಾಣಂತಿ ಊಟ, ಬಾಣಂತಿ ಮನಸ್ಸು

ನೀರು ಜಾಸ್ತಿ ಕುಡಿದ್ರೆ ಹೊಟ್ಟೆ ಬರತ್ತೆ ಅಂತ ಬಾಣಂತಿಗೆ ನೀರು ಅಳೆದು ಕೊಡೋ ಮನೆಗಳು ನಮ್ಮಲ್ಲಿ ಇನ್ನೂ ಇದಾವೆ, ಬಿಸಿ ಅನ್ನ, ಮೆಣಸಿನ ಸಾರು, ತುಪ್ಪ ಬಿಟ್ರೆ ಬೇರೆ ಇಲ್ಲ, ಹಣ್ಣು ತಣ್ಣಗೆ ಅಂತ ದೂರ. ಇಲ್ಲಿ ಅಜ್ಜಿ ಹೇಳಿದ್ದೆಲ್ಲ ತಪ್ಪು ಅಂತ ಶುರು ಮಾಡಿದ್ರೆ ಬಾಗಿಲು ಮುಚ್ಚಿತು. ಸಬ್ಬಸಿಗೆ ಸೊಪ್ಪು, ಮೆಂತ್ಯ, ಬೆಳ್ಳುಳ್ಳಿ, ಅಂಟಿನುಂಡೆ ಎಲ್ಲ ಚೆನ್ನಾಗಿದೆ ತಿನ್ನಲಿ, ಅದರ ಜೊತೆ ಬೇಳೆ, ತರಕಾರಿ, ಮೊಟ್ಟೆ ತಿನ್ನೋರಾದ್ರೆ ಮೊಟ್ಟೆ, ದಾಹ ಆದಾಗೆಲ್ಲ ನೀರು, ಇಷ್ಟು ಸೇರಿಸಿ ಅನ್ನಿ. ಅಂಗನವಾಡೀಲಿ ಮಾತೃಪೂರ್ಣ ಊಟ ಬಾಣಂತಿಗೂ ಇದೆ ಅಂತ ನೆನಪಿಸಿ.

ಎರಡು ವಾರ ದಾಟಿದ್ರೂ ಅಳು ನಿಂತಿಲ್ಲ, ನಿದ್ದೆ ಇಲ್ಲ, ಮಗು ಮುಖ ನೋಡೋಕೆ ಮನಸ್ಸಿಲ್ಲ ಅಂದ್ರೆ ಅದನ್ನ ಹಾಲಿನ ಸಮಸ್ಯೆ ಅಂತ ನೋಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿಸಿ, ತೀವ್ರ ಇದ್ರೆ ಕಳಿಸಿ, ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಒಟ್ಟಿಗೇ ಇದ್ದು ಚಿಕಿತ್ಸೆ ಪಡೆಯೋ ವಾರ್ಡೇ ಇದೆ.

10. ಡಿಸ್ಚಾರ್ಜ್ ದಿನ ಮತ್ತೆ ಆಮೇಲೆ

ಮಾಮೂಲಿ ಹೆರಿಗೆಯಾದ್ರೂ 48 ಗಂಟೆ ಇರಿಸ್ಕೊಳ್ಳಿ. ಮನೆಗೆ ಕಳಿಸೋ ಮುಂಚೆ ತಾಯಿ ತಾನೇ ಹಿಡಿಸಿ ಕುಡಿಸ್ಬೇಕು, ಕೈಯಿಂದ ಹಿಂಡಿ ತೋರಿಸ್ಬೇಕು, ಹಾಲು ಸಾಲ್ತಿದ್ಯಾ ಅಂತ ಗೊತ್ತಾಗೋದು ಹೇಗೆ ಅಂತ ಅವಳೇ ಹೇಳ್ಬೇಕು. ಮೊದಲ ದಿನ ಒಂದು ಸಲ ಉಚ್ಚೆ, ಎರಡನೇ ದಿನ ಎರಡು, ಐದನೇ ದಿನದಿಂದ ಆರು ಅಥವಾ ಹೆಚ್ಚು. ಕಪ್ಪು ಕಕ್ಕ ನಾಲ್ಕೈದು ದಿನಕ್ಕೆ ಹಳದಿ ಆಗ್ಬೇಕು. ಹುಟ್ಟಿದ ತೂಕಕ್ಕೆ ಎರಡು ವಾರದೊಳಗೆ ವಾಪಸ್ ಬರ್ಬೇಕು. ಮಗು ಸಂಜೆ ಅತ್ತ ಮಾತ್ರಕ್ಕೆ, ಎದೆ ಮೆತ್ತಗಾದ ಮಾತ್ರಕ್ಕೆ ಹಾಲು ಕಮ್ಮಿ ಅಂತಲ್ಲ.

ಎಷ್ಟೋ ಜನ ಹಾಲು ಕುಡಿಸೋದನ್ನ ಕೈಬಿಡೋದು ಮನೆಗೆ ಹೋದ ಮೊದಲ ದಿನಗಳಲ್ಲಿ. ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಹೋಗೋ ವ್ಯವಸ್ಥೆ ಇದೆ, ಆದ್ರೆ ತಾಯಿ ತವರಿಗೆ ಹೋದ್ರೆ ಗಂಡನ ಮನೆ ಊರಿನ ಆಶಾ ಪಟ್ಟೀಲೇ ಅವಳ ಹೆಸರು ಉಳ್ಕೊಂಡುಬಿಡತ್ತೆ. ಡಿಸ್ಚಾರ್ಜ್ ಮಾಡೋವಾಗ ‘ಯಾವ ಊರಿಗೆ ಹೋಗ್ತೀರಿ’ ಅಂತ ಕೇಳಿ ಆ ಊರಿನ ಆಶಾಗೆ ಒಂದು ಫೋನ್ ಮಾಡಿ. ಮೂರನೇ ದಿನದ ಭೇಟೀಲಿ ಆಶಾ ಒಂದು ಸಲ ಕುಡಿಸೋದನ್ನ ಕೂತು ನೋಡ್ಲಿ, ತೂಕ ಮಾಡ್ಲಿ, ನಾಲಿಗೆ ಒಣಗಿದ್ರೆ, ಉಚ್ಚೆ ಕಮ್ಮಿ ಇದ್ರೆ, ಅಂಗಾಲಿನವರೆಗೂ ಹಳದಿ ಇದ್ರೆ ಅವತ್ತೇ ಕಳಿಸ್ಲಿ. ಆಸ್ಪತ್ರೇಲಿ ವಾರಕ್ಕೆ ಎರಡು ಮಧ್ಯಾಹ್ನ ಹಾಲೂಡಿಸೋ ಕ್ಲಿನಿಕ್ ಅಂತ ಇಡಿ, ಚೀಟಿ ಇಲ್ಲದೆ ನೇರ ಬರಲಿ.

11. ನಮ್ಮ ಸ್ಟಾಫಿಗೂ ಇದು ಬೇಕು, ಲೆಕ್ಕವೂ ಬೇಕು

ಹೆರಿಗೆ ರಜೆ ಮುಗಿಸಿ ಬಂದ ನರ್ಸ್ ಟಾಯ್ಲೆಟ್‌ನಲ್ಲಿ ನಿಂತು ಹಾಲು ಹಿಂಡಿ ಚೆಲ್ಲೋದು ಆಸ್ಪತ್ರೆ ಒಳಗೇ ನಡೀತಿದೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ ಪ್ರಕಾರ 26 ವಾರ ರಜೆ, 50 ಅಥವಾ ಅದಕ್ಕಿಂತ ಹೆಚ್ಚು ಜನ ಇರೋ ಸಂಸ್ಥೆಗೆ ಶಿಶುಪಾಲನಾ ಕೊಠಡಿ, ಮೊದಲಿಂದಲೂ ಕಾನೂನಲ್ಲಿರೋ ಹಾಗೆ ಮಗೂಗೆ 15 ತಿಂಗಳಾಗೋವರೆಗೂ ದಿನಕ್ಕೆ ಎರಡು ಹಾಲೂಡಿಸೋ ಬಿಡುವು. ಗುತ್ತಿಗೆ ನರ್ಸ್‌ಗಳಿಗೂ ಇದು ಸಿಗ್ಬೇಕು. ಬಾಗಿಲು ಹಾಕೋಕಾಗೋ ಒಂದು ಕೋಣೆ, ಕುರ್ಚಿ, ಸಿಂಕು, ಸಣ್ಣ ಫ್ರಿಜ್ ಸಾಕು, ಕಷ್ಟದ ಕೆಲಸ ಅಲ್ಲ.

ಕೊನೇದಾಗಿ ಲೆಕ್ಕ. ಲೇಬರ್ ರೂಮ್ ರಿಜಿಸ್ಟರ್‌ನಲ್ಲಿ ಎರಡು ಕಾಲಂ ಸೇರಿಸಿ: ಮಗೂನ ಎದೆ ಮೇಲೆ ಹಾಕಿದ ಟೈಮ್, ಮೊದಲು ಹಾಲು ಕುಡಿದ ಟೈಮ್. ಮೇಲುಹಾಲು ಕೊಟ್ಟ ಪ್ರತಿ ಮಗೂಗೂ ಕಾರಣ ಬರೆದಿದ್ಯಾ ಅಂತ ತಿಂಗಳಿಗೊಮ್ಮೆ ನೋಡಿ. ಮನೆಗೆ ಹೋದ ಹತ್ತು ತಾಯಂದ್ರಿಗೆ ಫೋನ್ ಮಾಡಿ ಕೇಳಿ, ಮಗೂಗೆ ಈಗ ಏನೇನು ಕೊಡ್ತಿದೀರಮ್ಮ, ಆಸ್ಪತ್ರೇಲಿ ಯಾರು ಸಹಾಯ ಮಾಡಿದ್ರು, ಯಾರ ಮಾತು ಕೇಳಿ ಬೇಜಾರಾಯ್ತು. ಬಂದ ಉತ್ತರಗಳನ್ನ ಬರೆದು ತಿಂಗಳ ಮೀಟಿಂಗಲ್ಲಿ ಓದಿ, ಆ ಮೀಟಿಂಗಲ್ಲಿ ಹೆರಿಗೆ ಡಾಕ್ಟ್ರು, ಮಕ್ಕಳ ಡಾಕ್ಟ್ರು, ಅನಸ್ತೇಷಿಯಾ ಡಾಕ್ಟ್ರು ಮೂವರೂ ಕೂತಿರ್ಬೇಕು, ಯಾಕಂದ್ರೆ ವಾರ್ಮರ್ ಕೆಳಗೆ ಮಗು ಎಷ್ಟು ಹೊತ್ತು ಇರತ್ತೆ ಅನ್ನೋದನ್ನ ಬದಲಾಯಿಸೋ ಅಧಿಕಾರ ನರ್ಸ್ ಒಬ್ಬಳ ಕೈಲಿಲ್ಲ.